ಅದು ಪೈಲಟ್ ತಪ್ಪಲ್ಲ

ಮಾನ್ಯರೇ,

ಕೆಂಪು ಸಮುದ್ರದಲ್ಲಿ ಅಮೆರಿಕದ ವಿಮಾನವಾಹಕ ನೌಕೆ ‘ಟ್ರೂಮನ್’ ಕಳೆದುಕೊಂಡ ಯುದ್ಧವಿಮಾನಗಳಾದ ಸೂಪರ್ ಹಾರ್ನೆಟ್‌ಗಳ ಬಗ್ಗೆ ನಿಮ್ಮ ಸುದ್ದಿ ಓದಿ ತಲೆ ಚಚ್ಚಿಕೊಳ್ಳುವಂತಾಯಿತು. ‘ಇಳಿಯುವಾಗ ವೇಗ ಹೆಚ್ಚಿಸಿದ್ದೇ ಕಾರಣ’ವಂತೆ! ಸ್ವಾಮಿ, ಡೆಕ್‌ಗೆ ಚಕ್ರ ತಾಗಿದ ಕೂಡಲೇ ಥ್ರಾಟಲ್ ಪೂರ್ತಿ ಕೊಡುವುದೇ ನಿಯಮ. ವಿಮಾನವನ್ನು ಹಿಡಿದು ನಿಲ್ಲಿಸಲು ಡೆಕ್‌ಗೆ ಅಡ್ಡಲಾಗಿ ಕಟ್ಟಿದ ವೈರ್ ಬಾಲದ ಕೊಕ್ಕೆಗೆ ಸಿಗದಿದ್ದರೆ ಮತ್ತೆ ಹಾರಬೇಕಲ್ಲ, ಅದಕ್ಕೆ. ಸ್ಟ್ಯಾಂಡಿಗೆ ಬಂದ ಬಸ್ಸಿನಂತೆ ನಿಧಾನ ಮಾಡಿದರೆ ನೇರ ನೀರಿಗೆ.

2025ರ ಮೇ 6ರಂದು ಆದದ್ದೇ ಬೇರೆ. ಕೊಕ್ಕೆ ವೈರ್ ಹಿಡಿಯಿತು, ವೇಗ ಕುಗ್ಗಿತು, ಆಮೇಲೆ ವೈರ್ ತುಂಡಾಯಿತು. ಇನ್ನು ನಿಲ್ಲಲೂ ಆಗದು, ಉಳಿದ ತುಸು ಡೆಕ್ಕಿನಲ್ಲಿ ಹಾರುವಷ್ಟು ವೇಗವೂ ಸಿಗದು. ಅತ್ತ ದರಿ, ಇತ್ತ ಪುಲಿ. ವಿಮಾನದಲ್ಲಿದ್ದ ಇಬ್ಬರೂ ಸೀಟು ಸಮೇತ ಹೊರಚಿಮ್ಮಿದರು, ಹೆಲಿಕಾಪ್ಟರ್ ಎತ್ತಿಕೊಂಡಿತು. ವೈರಿನ ಮೊದಲ ಜಗ್ಗನ್ನು ತಾಳಿಕೊಳ್ಳಬೇಕಾದ ರಾಟೆಯ ಡ್ಯಾಂಪರ್ ಕೈಕೊಟ್ಟಿತ್ತು. ಅದರ ನಿರ್ವಹಣೆ ಸರಿಯಿರಲಿಲ್ಲ ಎಂದೇ ತನಿಖೆ ಹೇಳಿದೆ. ನಿಮ್ಮ ವರದಿಯಲ್ಲಿ ಡ್ಯಾಂಪರ್ ಸುದ್ದಿಯೇ ಇಲ್ಲ!

ಅದೇ ವರ್ಷದ ಏಪ್ರಿಲ್ 28ರ ಅವಘಡಕ್ಕೆ ‘ಪೈಲಟ್ ಪಾರು’ ಎಂದಿದ್ದೀರಿ. ಯಾವ ಪೈಲಟ್? ಡೆಕ್ಕಿನ ಕೆಳಗೆ ವಿಮಾನ ನಿಲ್ಲಿಸುವ ಹ್ಯಾಂಗರ್‌ನಲ್ಲಿ ಟ್ರ್ಯಾಕ್ಟರ್ ಕಟ್ಟಿ ಎಳೆಯುತ್ತಿದ್ದ ವಿಮಾನ ಅದು. ಕಾಕ್‌ಪಿಟ್‌ನಲ್ಲಿದ್ದವನು ಬ್ರೇಕ್ ಒತ್ತಲು ಕೂತ ನಾವಿಕ, ಜಿಗಿದು ಬದುಕಿದ. ನೌಕೆ ರಭಸದಿಂದ ತಿರುಗಿತು, ಬ್ರೇಕ್ ಹಿಡಿಯಲಿಲ್ಲ, ಟ್ರ್ಯಾಕ್ಟರೂ ವಿಮಾನವೂ ಸಮುದ್ರಪಾಲು. ನೌಕೆ ನಡೆಸುವ ಕೊಠಡಿಯಿಂದ ಹ್ಯಾಂಗರ್‌ಗೆ ಸರಿಯಾದ ಸೂಚನೆಯೂ ಇರಲಿಲ್ಲ. 2024ರ ಡಿಸೆಂಬರ್ 22ರಂದು ಜೊತೆಯ ‘ಗೆಟ್ಟಿಸ್‌ಬರ್ಗ್’ ನೌಕೆಯೇ ಹೊಡೆದುರುಳಿಸಿದ ವಿಮಾನವನ್ನು ಯೆಮನ್‌ನ ಹೂಥಿ ಬಂಡುಕೋರರ ಖಾತೆಗೆ ಹಾಕಲಿಲ್ಲವಲ್ಲ, ನಮ್ಮ ಪುಣ್ಯ.

ನಮ್ಮ ವಿಮಾನವಾಹಕ ನೌಕೆ ‘ವಿಕ್ರಮಾದಿತ್ಯ’ದ ನೆಲೆಯಿರುವ ಕಾರವಾರದಲ್ಲಿ ಇದನ್ನೋದಿದವರು ಸುಮ್ಮನಿರುತ್ತಾರೆಯೇ? ಬೆಳಗಿನಿಂದ ಫೋನೋ ಫೋನು. ‘ಅಲ್ಲಿ ನಾಲ್ಕು ವೈರ್ ಇದ್ದೂ ಹೀಗಾಯಿತಲ್ಲ, ನಮ್ಮದರಲ್ಲಿ ಮೂರೇ ಅಲ್ಲವೇ’ ಎಂದು ಮೀನು ಮಾರುಕಟ್ಟೆಯಲ್ಲೂ ಅಡ್ಡಗಟ್ಟಿದರು. ಉಂಡ ಊಟ ಮೈಗೆ ಹತ್ತಲಿಲ್ಲ. ವೈರ್ ತುಂಡಾದದ್ದು ಎಣಿಕೆ ಕಡಿಮೆಯಾಗಿ ಅಲ್ಲ ಎಂದು ಎಷ್ಟು ಜನಕ್ಕೆ ಬಿಡಿಸಿ ಹೇಳುವುದು?

ನಿರ್ವಹಣೆ ಎಂದರೆ ನಮ್ಮ ಅಧಿಕಾರಿಗಳಿಗೂ ಅಲರ್ಜಿ. ಬೀದಿದೀಪ ಕೆಟ್ಟರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಇಲ್ಲಿನ ನೌಕಾನೆಲೆ ಯೋಜನೆ ಸೀಬರ್ಡ್‌ಗೆ ಮನೆ, ಜಮೀನು ಬಿಟ್ಟುಕೊಟ್ಟವರು ಪರಿಹಾರಕ್ಕೆ ದಶಕಗಟ್ಟಲೆ ಅಲೆದದ್ದೂ ಇದೇ ಮೀಟಿಂಗ್ ಮುಗಿಯದೆಯೇ ಇರಬೇಕು!

ತಿದ್ದುಪಡಿ ಹಾಕಿ, ಇಲ್ಲವೇ ಇಂಥ ಸುದ್ದಿ ಹಾಕುವುದನ್ನೇ ಬಿಡಿ. ಸಂಬಂಧಪಟ್ಟವರೂ ಸ್ವಲ್ಪ ಕಣ್ಣು ತೆರೆಯಲಿ. ವೈರ್ ಯಾವುದು, ಕೊಕ್ಕೆ ಯಾವುದು ಎಂದು ಗೊತ್ತಿಲ್ಲದವರ ಕೈಗೆ ಪೆನ್ನು ಕೊಟ್ಟವರು ಯಾರು ಸ್ವಾಮಿ?

— ಒಬ್ಬ ಓದುಗ, ಕಾರವಾರ