ಅನಾಥ ಮಗುವಿಗೆ ನೋಟರಿ ದತ್ತುಪತ್ರ ಆಸರೆಯಾಗದು

ಮಾನ್ಯ ಸಂಪಾದಕರೇ,

ಅಪ್ಪ ಅಮ್ಮ ಇಬ್ಬರೂ ತೀರಿಹೋದರೆ ತಿಥಿ ಮುಗಿಯುವುದರೊಳಗೆ ಮಗು ಅಜ್ಜಿಯ ಮನೆಗೋ ಸೋದರಮಾವನ ಮನೆಗೋ ಸೇರಿರುತ್ತದೆ. ಇದನ್ನು ನಮ್ಮ ಹಳ್ಳಿಗಳಿಗೆ ಯಾವ ಇಲಾಖೆಯೂ ಹೇಳಿಕೊಡಬೇಕಿಲ್ಲ. ಎಡವಟ್ಟಾಗುವುದು ಆಮೇಲೆ. ಯಾರೋ ಹೇಳಿದರೆಂದು ತಾಲ್ಲೂಕು ಕಚೇರಿ ಎದುರಿನ ಟೈಪಿಂಗ್ ಅಂಗಡಿಯಲ್ಲಿ ಬಾಂಡ್ ಪೇಪರಿನ ಮೇಲೆ ದತ್ತುಪತ್ರ ಬರೆಸಿ, ನೋಟರಿ ಮೊಹರು ಹಾಕಿಸಿ, ಕೆಲಸ ಮುಗಿಯಿತೆಂದುಕೊಳ್ಳುತ್ತಾರೆ.

ಮುಗಿದಿರುವುದಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಮಗುವನ್ನು ದತ್ತು ಕೊಡುವ ಹಕ್ಕು ಹೆತ್ತವರದು. ಅವರಿಬ್ಬರೂ ಇಲ್ಲದಿದ್ದರೆ ಪಾಲಕರು ಮೊದಲೇ ನ್ಯಾಯಾಲಯದ ಅನುಮತಿ ಪಡೆಯಬೇಕು. ಅಜ್ಜಿ ಹೆಬ್ಬೆಟ್ಟು ಒತ್ತಿದರೆ ಸಾಲದು. ಗಂಡಸು ಹೆಣ್ಣುಮಗುವನ್ನು ದತ್ತು ಪಡೆಯಲು 21 ವರ್ಷದ ಅಂತರ ಬೇಕು. 27ರ ಸೋದರಮಾವ, 8ರ ಅಕ್ಕನ ಮಗಳು ಎಂದರೆ ಅಲ್ಲಿಗೇ ನಿಂತಿತು. ಆ ಮನೆಯಲ್ಲಿ ಮಗಳಿದ್ದರೂ ಈ ಕಾಯ್ದೆಯಲ್ಲಿ ಇನ್ನೊಬ್ಬ ಮಗಳನ್ನು ದತ್ತು ಪಡೆಯಲಾಗದು.

2015ರ ಬಾಲನ್ಯಾಯ ಕಾಯ್ದೆಯ ದಾರಿ ಇದಕ್ಕಿಂತ ಸಲೀಸು. ಸಂಬಂಧಿಕರ ದತ್ತುವಿಗೆ ಅಲ್ಲಿ ವಯಸ್ಸಿನ ಅಂತರದ ನಿಯಮ ಅಡ್ಡಬರುವುದಿಲ್ಲ, ಮನೆಯಲ್ಲಿ ಮಕ್ಕಳಿದ್ದರೂ ತೊಂದರೆಯಿಲ್ಲ. ಕೇಂದ್ರ ದತ್ತು ಪ್ರಾಧಿಕಾರದ ಕೇರಿಂಗ್ಸ್ ಪೋರ್ಟಲ್‌ನಲ್ಲಿ ನೋಂದಾಯಿಸಿದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಮುಂದಿನದನ್ನು ನೋಡಿಕೊಳ್ಳುತ್ತದೆ. ಹೆತ್ತವರಿಲ್ಲದ ಮಗುವಾದರೆ ಮಕ್ಕಳ ಕಲ್ಯಾಣ ಸಮಿತಿಯ ಅನುಮತಿ, ಐದು ವರ್ಷ ತುಂಬಿದ್ದರೆ ಮಗುವಿನದೇ ಒಪ್ಪಿಗೆ ಬೇಕು. 2022ರ ಸೆಪ್ಟೆಂಬರಿನಿಂದ ಆದೇಶ ಕೊಡುವವರು ಜಿಲ್ಲಾಧಿಕಾರಿ, ಕೋರ್ಟ್ ಅಲ್ಲ. ಆದರೆ ಈ ಕಾಯ್ದೆಯ ‘ಸಂಬಂಧಿ’ ಎಂದರೆ ಎರಡೂ ಕಡೆಯ ಅಜ್ಜ ಅಜ್ಜಿ, ದೊಡ್ಡಪ್ಪ ಚಿಕ್ಕಪ್ಪ, ಸೋದರಮಾವ, ಸೋದರತ್ತೆ, ದೊಡ್ಡಮ್ಮ ಚಿಕ್ಕಮ್ಮ, ಅಷ್ಟೇ. ಒಡಹುಟ್ಟಿದ ಅಣ್ಣ ಅಕ್ಕನೇ ಇದರಲ್ಲಿಲ್ಲ! ಅಂಥವರು ತಮ್ಮನ್ನು ಮಗುವಿನ ಪಾಲಕರಾಗಿ ನೇಮಿಸುವಂತೆ ಕೋರ್ಟನ್ನು ಕೇಳುವುದು ಸೂಕ್ತ.

ಅಷ್ಟಕ್ಕೂ ಮೊದಲ ವರ್ಷದಲ್ಲಿ ಹೆಚ್ಚಿನ ಮನೆಗಳಿಗೆ ಬೇಕಿರುವುದು ದತ್ತು ಅಲ್ಲ. ದತ್ತು ಒಮ್ಮೆ ಆದರೆ ಸುಲಭಕ್ಕೆ ರದ್ದಾಗದು. ದುಃಖದ ಬಿಸಿಯಲ್ಲಿ ಮಾಡುವ ಕೆಲಸವಲ್ಲ. ಮೊದಲು ಬೇಕಾದದ್ದು ಮಗುವಿನ ಖರ್ಚಿಗೆ ದಾರಿ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ (ಸ್ಪಾನ್ಸರ್‌ಶಿಪ್) ಬಂಧುಗಳ ಮನೆಯಲ್ಲಿರುವ ಅನಾಥ ಮಗುವಿಗೂ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಕುಟುಂಬದ ವಾರ್ಷಿಕ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಈ ಮಿತಿ ತೀರಾ ಕಡಿಮೆ. ಇಬ್ಬರು ಕೂಲಿಗೆ ಹೋಗುವ ಮನೆಯೂ ಇದನ್ನು ದಾಟೀತು. ಅಜ್ಜಿ ಪಿಂಚಣಿ ಹಣದಲ್ಲಿ ಬೇರೆ ಒಲೆ ಹೂಡಿದ್ದರೂ ಮಗನ ಪಡಿತರ ಚೀಟಿಯಲ್ಲೇ ಉಳಿದಿದ್ದರೆ ಎಲ್ಲರ ಆದಾಯವೂ ಲೆಕ್ಕಕ್ಕೆ ಬಂದುಬಿಡಬಹುದು. ಅರ್ಜಿಗೆ ಮೊದಲು ಚೀಟಿ ಬೇರೆ ಮಾಡಿಸಿಕೊಳ್ಳುವುದು ಲೇಸು.

ಅರ್ಜಿಗಳು ಸಿಕ್ಕಿಬೀಳುವ ಇನ್ನೊಂದು ಜಾಗ ಹೆಸರು. ಶಾಲಾ ದಾಖಲೆಯಲ್ಲಿ ‘ರಾಜಣ್ಣ’, ಮರಣ ಪ್ರಮಾಣಪತ್ರದಲ್ಲಿ ‘ರಾಜು’ ಎಂದಿದ್ದರೆ ತಂದೆ ಇವರೇ ಎಂದು ತೋರಿಸಲು ತಿಂಗಳುಗಟ್ಟಲೆ ಅಲೆದಾಟ. ಸಾವನ್ನು 21 ದಿನದೊಳಗೆ, ಆಧಾರ್‌ನಲ್ಲಿರುವ ಹೆಸರಿನಲ್ಲೇ ನೋಂದಾಯಿಸಿ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಸಾವಿನ ಮನೆಯವರಿಗೆ ಇದೆಲ್ಲ ಹೊಳೆಯುವುದಿಲ್ಲ. ಅಂಗನವಾಡಿ ಕಾರ್ಯಕರ್ತೆ, ಮುಖ್ಯಶಿಕ್ಷಕರು, ಪಂಚಾಯಿತಿ ಸದಸ್ಯರಲ್ಲಿ ಒಬ್ಬರು ಜೊತೆಗೆ ನಿಲ್ಲಬೇಕು. ತಂದೆಯ ಜಮೀನಿದ್ದರೆ ಪೌತಿ ಖಾತೆಯಲ್ಲಿ (ತೀರಿಹೋದವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡುವ ಖಾತೆ) ಮಗುವಿನ ಹೆಸರು ಬಂದಿದೆಯೇ ಎಂಬುದನ್ನೂ ಅವರೇ ನೋಡಲಿ. ಸಾಕುವವರೇ ಆದರೂ ಕೋರ್ಟಿನ ಅನುಮತಿಯಿಲ್ಲದೆ ಆ ಜಮೀನು ಮಾರುವಂತಿಲ್ಲ.

ಮಕ್ಕಳ ರಕ್ಷಣಾ ಘಟಕ ಇರುವುದು ಜಿಲ್ಲಾ ಕೇಂದ್ರದಲ್ಲಿ. ಎಪ್ಪತ್ತರ ಅಜ್ಜಿ ಕೂಸನ್ನು ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗಬೇಕು. ಘಟಕದ ಸಿಬ್ಬಂದಿ ತಿಂಗಳಿಗೊಂದು ದಿನ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯಲ್ಲಿ ಕೂತು ಅರ್ಜಿ ಪಡೆಯುವಂತೆ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಆದೇಶಿಸಲಿ. ಅಲ್ಲಿಯವರೆಗೆ ಊರಿನ ಯಾರೇ ಆಗಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಮಗುವಿನ ವಿಷಯ ತಿಳಿಸಬಹುದು.

– ಮಕ್ಕಳ ರಕ್ಷಣೆಯ ಕೆಲಸದಲ್ಲಿ ತೊಡಗಿರುವ ಕೆಲವರು, ತುಮಕೂರು