ಎಳೆಯುವುದನ್ನು ಬರೆದಿರಿ, ತಡೆಯುವುದನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಪಿಕಪ್ ಟ್ರಕ್‌ಗಳ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಎಂಟು ಸಿಲಿಂಡರಿನ ಇಂಜಿನ್ ಜಾಗದಲ್ಲಿ ಆರು ಸಿಲಿಂಡರಿನ ಟರ್ಬೊ ಇಂಜಿನ್ ಕೂರಿಸುತ್ತಿದ್ದಾರೆ, ಆ ಗಾಡಿ ಐದು ಟನ್ ಟ್ರೇಲರ್ ಕಟ್ಟಿಕೊಂಡು ಗುಡ್ಡ ಹತ್ತುತ್ತದೆ ಎಂದು ಬರೆದಿದ್ದೀರಿ. ಬರೆದದ್ದು ನಿಜ. ಆದರೆ ಅರ್ಧಕ್ಕೇ ನಿಂತಿದೆ. ಉಳಿದರ್ಧವನ್ನೂ ದಯವಿಟ್ಟು ಬರೆಯಿರಿ ಎಂದು ಕೇಳಿಕೊಳ್ಳಲು ಈ ಪತ್ರ.

ನಾನು ಚಿತ್ರದುರ್ಗದಲ್ಲಿ ಮೂವತ್ತನಾಲ್ಕು ವರ್ಷದಿಂದ ಡೀಸೆಲ್ ಇಂಜಿನ್ ಬಿಚ್ಚಿ ಕಟ್ಟುವ ಕೆಲಸ ಮಾಡುತ್ತಿದ್ದೇನೆ. ಆರು ಸಿಲಿಂಡರಿನ ಟರ್ಬೊ ನಮಗೆ ದೂರದ ವಸ್ತುವೇನಲ್ಲ. 1989ರಲ್ಲಿ ಅಮೆರಿಕದ ಡಾಡ್ಜ್ ರ‍್ಯಾಮ್ ಪಿಕಪ್ಪಿಗೆ ಕಮಿನ್ಸ್ ಕಂಪನಿಯ 5.9 ಲೀಟರ್ ಡೀಸೆಲ್ ಇಂಜಿನ್ ಹಾಕಿದರು. ಬರೀ 160 ಹಾರ್ಸ್‌ಪವರ್. ಆದರೆ ಎಳೆತ, ಅಂದರೆ ತಿರುಗಿಸುವ ಬಲ (ಟಾರ್ಕ್), ಸುಮಾರು 540 ನ್ಯೂಟನ್ ಮೀಟರ್. ಅಲ್ಲಿ ಪಿಕಪ್ಪಿನಲ್ಲಿ ಭಾರ ಎಳೆಯುವವರ ಲೆಕ್ಕಾಚಾರವನ್ನೇ ಅದು ಬದಲಾಯಿಸಿತು. ಮುಂದೆ 1993ರಲ್ಲಿ ಟಾಟಾದವರೂ ಕಮಿನ್ಸ್‌ನವರೂ ಸೇರಿ ಕಂಪನಿ ಮಾಡಿ, ಜಮ್ಶೆಡ್‌ಪುರದಲ್ಲಿ ಅದೇ ಕುಟುಂಬದ ಇಂಜಿನ್ ತಯಾರಿಸಿದರು. ಅದು ನಮ್ಮ ಲಾರಿಗಳಿಗೆ ಬಂತು. ಹೆದ್ದಾರಿಯಲ್ಲಿ ಮೆಕ್ಕೆಜೋಳ, ಈರುಳ್ಳಿ, ಅದಿರು ಹೊತ್ತು ಓಡಿದ ಎಷ್ಟೋ ಲಾರಿಗಳ ಹೊಟ್ಟೆಯಲ್ಲಿದ್ದದ್ದು ಅಮೆರಿಕದ ಪಿಕಪ್ಪಿನ ಈ ದಾಯಾದಿಯೇ. ಅಂಥ ಇಂಜಿನ್‌ಗಳನ್ನು ಈ ಕೈಯಲ್ಲಿ ಎಷ್ಟು ಸಲ ಬಿಚ್ಚಿದ್ದೇನೋ ಲೆಕ್ಕವಿಲ್ಲ.

ಒಂದು, ಐದು, ಮೂರು, ಆರು, ಎರಡು, ನಾಲ್ಕು. ಕೆಲಸ ಕಲಿಸಿದ ಗುರುಗಳು ಮೊದಲು ಬಾಯಿಪಾಠ ಮಾಡಿಸಿದ್ದು ಇದನ್ನೇ. ಆರು ಸಿಲಿಂಡರ್ ಸಾಲಾಗಿ ನಿಂತಾಗ ಉರಿಯುವ ಸರದಿ ಇದು. ನಾಲ್ಕು ಸಿಲಿಂಡರಿನ ಇಂಜಿನ್‌ನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಅರ್ಧ ಸುತ್ತು ತಿರುಗುವುದಕ್ಕೆ ಒಂದು ಸಲ ತಳ್ಳು ಸಿಗುತ್ತದೆ. ಆರರಲ್ಲಿ ಸುತ್ತಿನ ಮೂರನೇ ಒಂದು ಭಾಗಕ್ಕೇ ಸಿಗುತ್ತದೆ. ಒಂದು ತಳ್ಳು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿರುತ್ತದೆ. ಒಂದನೇ ಪಿಸ್ಟನ್ ಜೊತೆ ಆರನೆಯದು, ಎರಡರ ಜೊತೆ ಐದು, ಮೂರರ ಜೊತೆ ನಾಲ್ಕು ಏರಿಳಿಯುವುದರಿಂದ ನಡುಕವೂ ಕಡಿಮೆ. ಕ್ರ್ಯಾಂಕನ್ನು ಏಳು ಕಡೆ ಬೇರಿಂಗ್ ಹಿಡಿದಿರುತ್ತದೆ. ಅದಕ್ಕೇ ಭಾರ ಕಟ್ಟಿ ನಿಧಾನವಾಗಿ ಏರು ಹತ್ತುವಾಗ ಇದು ಏದುಸಿರು ಬಿಡುವುದಿಲ್ಲ. ಒಂದೇ ಹದದಲ್ಲಿ ಹೋಗುತ್ತದೆ. ಆ ಸದ್ದು ಕೇಳುವುದೇ ಒಂದು ಖುಷಿ.

ಇದಕ್ಕೆ ಟರ್ಬೊ ಸೇರಿದರೆ ಹೊಗೆಯಾಗಿ ಹೊರಗೆ ಹೋಗುವ ಬಿಸಿಗಾಳಿಯೇ ಒಂದು ಚಕ್ರ ತಿರುಗಿಸುತ್ತದೆ. ಆ ಚಕ್ರ ಇನ್ನೊಂದನ್ನು ತಿರುಗಿಸಿ ಒಳಗೆ ಗಾಳಿ ತುರುಕುತ್ತದೆ. ಗಾಳಿ ಜಾಸ್ತಿ ಆದರೆ ಡೀಸೆಲ್ಲೂ ಜಾಸ್ತಿ ಉರಿಯಬಹುದು. ಪಿಕಪ್ ಗಾಡಿಗಳ ಟರ್ಬೊ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ. ಆ ವೇಗದಲ್ಲಿ ಅದರ ಶಾಫ್ಟ್ ತಿರುಗುವುದು ಕೂದಲಿಗಿಂತ ತೆಳುವಾದ ಆಯಿಲ್ ಪದರದ ಮೇಲೆ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದು ಮುಂದೆ ಗೊತ್ತಾಗುತ್ತದೆ.

ಪೆಟ್ರೋಲ್‌ನಲ್ಲೂ ಇದೇ ದಾರಿ ಬಂತು. ಫೋರ್ಡ್ ಕಂಪನಿಯವರು 2011ರ ಎಫ್-150 ಪಿಕಪ್ಪಿಗೆ ಎರಡು ಟರ್ಬೊ ಇರುವ 3.5 ಲೀಟರ್ ವಿ-6, ಅಂದರೆ ವಿ ಆಕಾರದಲ್ಲಿ ನಿಂತ ಆರು ಸಿಲಿಂಡರಿನ ಇಂಜಿನ್, ಹಾಕಿದರು. 2025ರ ರ‍್ಯಾಮ್ 1500ಕ್ಕೆ ಹಳೆಯ ವಿ-8 ಬದಲು ಎರಡು ಟರ್ಬೊ ಇರುವ 3 ಲೀಟರಿನ, ಸಾಲಾಗಿ ನಿಂತ ಆರು ಸಿಲಿಂಡರ್ ಬಂತು. ಟೊಯೊಟಾದವರ ಟಂಡ್ರಾ 2022ರಿಂದ ಟರ್ಬೊ ವಿ-6ರಲ್ಲಿ ಬರುತ್ತಿದೆ. ಆ ಟಂಡ್ರಾ ಕಥೆ ಓದಿ ನನಗೆ ಬಹಳ ಬೇಸರವಾಗಿತ್ತು. ಕಾರ್ಖಾನೆಯಲ್ಲಿ ಲೋಹ ಕೊರೆದಾಗ ಬಿದ್ದ ಚೂರು ಇಂಜಿನ್ ಒಳಗೇ ಉಳಿದು ಬೇರಿಂಗ್ ಹಾಳಾಗುತ್ತದೆ ಎಂದು 2024ರಲ್ಲಿ ಸುಮಾರು ಒಂದು ಲಕ್ಷ ಗಾಡಿಗಳನ್ನು ವಾಪಸ್ ಕರೆದರು. ನನ್ನ ಗ್ಯಾರೇಜಿನ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಅದರ ಮೇಲೆ ಕೆಲಸ ಮುಗಿಸಿದ ಮೇಲೆ ಬಟ್ಟೆಯಲ್ಲಿ ಒರೆಸಿ, ಗಾಳಿ ಹೊಡೆದು, ಮತ್ತೆ ಬೆರಳಾಡಿಸಿ ನೋಡುವುದು ನಮ್ಮ ಅಭ್ಯಾಸ. ಒಂದು ಸಣ್ಣ ಚೂರು ಅಷ್ಟು ದೊಡ್ಡ ಇಂಜಿನ್ ಮುಗಿಸಬಲ್ಲದು.

ಈಗ ವಿಷಯಕ್ಕೆ ಬರುತ್ತೇನೆ.

ನನ್ನ ತಂಗಿಯ ಮಗ ಭರಮಸಾಗರದ ಹತ್ತಿರ ಇರುತ್ತಾನೆ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಪಿಕಪ್ ತೆಗೆದುಕೊಂಡ. ನಾಲ್ಕು ಸಿಲಿಂಡರ್, ಎರಡೂವರೆ ಲೀಟರ್, ಸುಮಾರು 75 ಹಾರ್ಸ್‌ಪವರ್. ಒಳ್ಳೆಯ ಗಾಡಿ, ಬಡವರ ಗಾಡಿ. ಅವನು ರಾತ್ರಿಯೆಲ್ಲ ಫೋನಿನಲ್ಲಿ ಅಮೆರಿಕದ ಪಿಕಪ್‌ಗಳು ಭಾರ ಎಳೆಯುವ ವಿಡಿಯೊ ನೋಡುತ್ತಿದ್ದ. ನನಗೆ ಹೇಳದೆ ಬೇರೆ ಊರಿನ ಒಂದು ಅಂಗಡಿಯಲ್ಲಿ ಟರ್ಬೊ ಬೂಸ್ಟ್, ಅಂದರೆ ಒಳಗೆ ತುರುಕುವ ಗಾಳಿಯ ಒತ್ತಡ, ಜಾಸ್ತಿ ಮಾಡಿಸಿದ. ಹಿಂದಿನ ಬಂಪರಿಗೆ ಕಬ್ಬಿಣದ ಆ್ಯಂಗಲ್ ವೆಲ್ಡ್ ಮಾಡಿಸಿ ಹುಕ್ಕು ಹಾಕಿಸಿದ. ಸುಗ್ಗಿಯಲ್ಲಿ ಮೆಕ್ಕೆಜೋಳ ಒಕ್ಕುವ ಮಿಷನನ್ನು ಊರಿಂದ ಊರಿಗೆ ಎಳೆದುಕೊಂಡು ಹೋಗಿ ಬಾಡಿಗೆ ಮಾಡೋಣ ಅಂತ. ಟ್ರ್ಯಾಕ್ಟರ್ ಮಾಡುವ ಕೆಲಸವನ್ನು ಪಿಕಪ್ ಬೇಗ ಮಾಡುತ್ತದೆ, ದಿನಕ್ಕೆ ಒಂದು ಊರು ಜಾಸ್ತಿ ಸಿಗುತ್ತದೆ ಅನ್ನುವ ಲೆಕ್ಕ. ಸಾಲ ಇತ್ತು. ಅವನ ಆಸೆ ತಪ್ಪು ಅನ್ನಲಾರೆ.

ಮೊದಲು ಟರ್ಬೊ ಹೋಯಿತು. ಏರು ಹತ್ತಿ ಬಂದು, ಗಾಡಿ ಕೆಂಡದ ಹಾಗೆ ಕಾದಿರುವಾಗಲೇ ಟಕ್ ಅಂತ ಆಫ್ ಮಾಡಿ ಚಹಾ ಕುಡಿಯಲು ಹೋಗುತ್ತಿದ್ದ. ಇಂಜಿನ್ ನಿಂತರೆ ಆಯಿಲ್ ಹರಿಯುವುದೂ ನಿಲ್ಲುತ್ತದೆ. ಒಳಗಿದ್ದ ಆಯಿಲ್ ಸುಟ್ಟು ಮಸಿಯಾಗಿ ಶಾಫ್ಟಿಗೆ ಅಂಟುತ್ತದೆ. ಎರಡು ತಿಂಗಳಲ್ಲಿ ಶಿಳ್ಳೆ ಹೊಡೆದ ಹಾಗೆ ಸದ್ದು, ನೀಲಿ ಹೊಗೆ. ಬಿಚ್ಚಿ ಬೇರೆ ಹಾಕಿಕೊಟ್ಟೆ. ಭಾರ ಎಳೆದು ಬಂದ ಮೇಲೆ ಎರಡು ಮೂರು ನಿಮಿಷ ಸುಮ್ನೆ ಸ್ಟಾರ್ಟಿಂಗ್‌ನಲ್ಲೇ ಬಿಡು ಅಂದೆ. ಮಿಷನ್ ಎಳೆಯುವುದನ್ನೇ ಬಿಡು ಅಂತಲೂ ಹೇಳಿದೆ. "ಮಾವ, ಏರಲ್ಲಿ ಹಿಂದೆ ಏನೋ ಇದೆ ಅಂತ ಗೊತ್ತೇ ಆಗಲ್ಲ" ಅಂದ.

ಏರಿನಲ್ಲಿ ಗೊತ್ತಾಗಲಿಲ್ಲ. ಗೊತ್ತಾದದ್ದು ಇಳಿಜಾರಿನಲ್ಲಿ. ಹೊಳಲ್ಕೆರೆ ಕಡೆ ಹೋಗುವಾಗ ಮುಂದೆ ಕುರಿ ಹಿಂಡು ಅಡ್ಡ ಬಂತು. ಬ್ರೇಕ್ ತುಳಿದ. ಪಿಕಪ್ ನಿಲ್ಲಲು ನೋಡಿತು, ಹಿಂದಿನ ಮಿಷನ್ ನಿಲ್ಲಲಿಲ್ಲ. ಅದಕ್ಕೆ ಬ್ರೇಕೇ ಇಲ್ಲವಲ್ಲ. ಎರಡು ಟನ್ ಕಬ್ಬಿಣ ಗಾಡಿಯ ಹಿಂಭಾಗವನ್ನು ಪಕ್ಕಕ್ಕೆ ತಳ್ಳಿತು. ಪಿಕಪ್ ಅಡ್ಡ ತಿರುಗಿ ರಸ್ತೆ ಬಿಟ್ಟು ಹೊಲಕ್ಕೆ ಇಳಿಯಿತು. ವೆಲ್ಡಿಂಗ್ ಕಿತ್ತು ಮಿಷನ್ ಬೇವಿನ ಮರಕ್ಕೆ ಹೊಡೆದು ನಿಂತಿತು. ಅಳಿಯನ ಭುಜದ ಮೂಳೆ ಮುರಿಯಿತು. ಮರದ ಆ ಕಡೆ ಕುರಿ ಕಾಯುವ ಹುಡುಗ ನಿಂತಿದ್ದ. ಮರ ಇಲ್ಲದೇ ಹೋಗಿದ್ದರೆ ಎಂದು ನೆನೆದರೆ ನನಗೆ ಈಗಲೂ ಕೈ ನಡುಗುತ್ತದೆ.

ಸಂಪಾದಕರೇ, ನೀವು ಬರೆದ ಆ ಅಮೆರಿಕದ ಗಾಡಿಗಳು ಐದು ಟನ್ ಎಳೆಯುವುದು ಬರೀ ಇಂಜಿನ್ ಬಲದಿಂದ ಅಲ್ಲ. ಅಲ್ಲಿ ಎಸ್‌ಎಇ ಜೆ2807 ಅನ್ನುವ ಪರೀಕ್ಷೆ ಇದೆ. ಅರಿಜೋನಾದಲ್ಲಿ ಡೇವಿಸ್ ಡ್ಯಾಮ್ ಹತ್ತಿರ ಸುಮಾರು 18 ಕಿ.ಮೀ. ಉದ್ದದ ಏರು. ಸುಡುಬಿಸಿಲು, ಎ.ಸಿ. ಪೂರ್ತಿ ಹಾಕಿರಬೇಕು, ಹಿಂದೆ ಪೂರ್ತಿ ಭಾರ. ಸಾಮಾನ್ಯ ಪಿಕಪ್ ಗಂಟೆಗೆ 64 ಕಿ.ಮೀ.ಗಿಂತ ಕೆಳಗೆ ಇಳಿಯಬಾರದು, ಇಂಜಿನ್ ಕಾದು ಕೆಡಬಾರದು. ಅಷ್ಟೇ ಅಲ್ಲ, ಬ್ರೇಕ್ ಹಾಕಿದರೆ ಎಷ್ಟು ದೂರದಲ್ಲಿ ನಿಲ್ಲುತ್ತದೆ, ಟ್ರೇಲರ್ ಓಲಾಡುತ್ತದೆಯೇ ಎಂದೂ ನೋಡುತ್ತಾರೆ. ದೊಡ್ಡ ಟ್ರೇಲರಿಗೆ ಅದರದೇ ಬ್ರೇಕ್ ಇರುತ್ತದೆ. ಡ್ರೈವರ್ ಪೆಡಲ್ ತುಳಿದರೆ ಟ್ರೇಲರಿಗೆ ಕರೆಂಟ್ ಹರಿದು ಅದರ ಗಾಲಿಗಳಿಗೂ ಬ್ರೇಕ್ ಹಿಡಿಯುತ್ತದೆ. ಟ್ರೇಲರ್ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಕೊಂಡಿಯ ಮೇಲೆ ಕೂರುವ ಹಾಗೆ ಸಾಮಾನು ಜೋಡಿಸುತ್ತಾರೆ. ಎರಡು ಟನ್ ಆದರೆ 200ರಿಂದ 300 ಕೆ.ಜಿ. ಕೂರಬೇಕು. ಭಾರ ಹಿಂದಕ್ಕೆ ಸರಿದರೆ ಟ್ರೇಲರ್ ಬಾಲ ಆಡಿಸುತ್ತದೆ, ಒಮ್ಮೆ ಶುರುವಾದರೆ ಹಿಡಿಯುವುದು ಕಷ್ಟ. ಈಗಿನ 6.7 ಲೀಟರ್ ಕಮಿನ್ಸ್‌ನಲ್ಲಿ ಟರ್ಬೊವೇ ಹೊಗೆಯ ದಾರಿ ಕಿರಿದು ಮಾಡಿ ಇಳಿಜಾರಿನಲ್ಲಿ ಗಾಡಿಯ ವೇಗವನ್ನು ಹಿಡಿದಿಡುತ್ತದೆ. ಏರಿನಲ್ಲಿ ಎಳೆದ ಟರ್ಬೊ ಇಳಿತದಲ್ಲಿ ತಡೆಯುತ್ತದೆ. ಇದು ನನಗೆ ಬಹಳ ಇಷ್ಟವಾದ ಕೆಲಸ. ನಿಮ್ಮ ಬರಹದಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ತೇರು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಿಣಿ ಹಿಡಿದು ಎಳೆಯುವವರು ಸಾವಿರ ಜನ. ಆದರೆ ಗಾಲಿಗೆ ಮರದ ತುಂಡು ಕೊಟ್ಟು ತಡೆಯುವ ನಾಲ್ಕಾರು ಜನ ಕೈ ಎತ್ತುವವರೆಗೆ ಯಾರೂ ಮಿಣಿ ಜಗ್ಗುವುದಿಲ್ಲ. ಎಳೆಯುವವರು ಎಷ್ಟು ಜನ ಇದ್ದರೂ ತೇರು ಅವರನ್ನು ನಂಬಿ ಹೊರಡುವುದಿಲ್ಲ.

ಇನ್ನೊಂದು ವಿಷಯ ಹೇಳಲೇಬೇಕು. ಕೆಟ್ಟ ಗಾಡಿಯನ್ನು ಹಗ್ಗ ಕಟ್ಟಿ ಎಳೆಯುವುದು. 1997ರಲ್ಲಿ ಚಳ್ಳಕೆರೆ ರಸ್ತೆಯಲ್ಲಿ ಶೇಂಗಾ ತುಂಬಿದ ಲಾರಿ ಹಳ್ಳದಲ್ಲಿ ಸಿಕ್ಕಿಕೊಂಡಿತ್ತು. ನಾನೂ ಅಣ್ಣನೂ ವೈರ್ ರೋಪ್ ಕಟ್ಟಿ ಇನ್ನೊಂದು ಲಾರಿಯಿಂದ ಎಳೆಸಿದೆವು. ಮುಂದಿದ್ದದ್ದು ಆರು ಸಿಲಿಂಡರಿನ ಗಾಡಿ, ಬಲಕ್ಕೆ ಕೊರತೆ ಇರಲಿಲ್ಲ. ಡ್ರೈವರ್ ಒಮ್ಮೆಲೇ ಕ್ಲಚ್ ಬಿಟ್ಟ. ರೋಪ್ ಕಡಿದು ಚಾಟಿಯ ಹಾಗೆ ಬೀಸಿ ಬಂದು ಅಣ್ಣನ ಮೊಣಕಾಲ ಕೆಳಗೆ ಹೊಡೆಯಿತು. ಅಣ್ಣ ಇವತ್ತಿಗೂ ಆ ಕಾಲು ಎಳೆದುಕೊಂಡೇ ನಡೆಯುತ್ತಾನೆ. ಅವನು ಆಮೇಲೆ ಗ್ಯಾರೇಜಿಗೆ ಬರಲೇ ಇಲ್ಲ. ಕೆಲಸದಲ್ಲಿ ನನಗಿಂತ ಗಟ್ಟಿಗ. ಹಗ್ಗದಿಂದ ಎಷ್ಟು ಅಡಿ ದೂರ ನಿಲ್ಲಬೇಕು ಎಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇವತ್ತು ಹೆದ್ದಾರಿಯಲ್ಲಿ ನೋಡಿ, ಸೀರೆ, ನೈಲಾನ್ ಹಗ್ಗ, ಏನು ಸಿಕ್ಕರೆ ಅದನ್ನು ಕಟ್ಟಿ ಪಿಕಪ್ಪಿನಲ್ಲಿ ಕಾರು, ಟೆಂಪೊ ಎಳೆಯುತ್ತಾರೆ. ಅರವತ್ತು ಎಪ್ಪತ್ತರ ಸ್ಪೀಡು. ಎರಡು ಗಾಡಿಗಳ ನಡುವೆ 5 ಮೀಟರ್‌ಗಿಂತ ಜಾಸ್ತಿ ಅಂತರ ಇರಬಾರದು, ಗಂಟೆಗೆ 25 ಕಿ.ಮೀ. ದಾಟಬಾರದು ಎಂದು ನಿಯಮ ಇದೆ. ಹಗ್ಗ ಬೇರೆಯವರಿಗೆ ಎದ್ದು ಕಾಣಬೇಕು ಅಂತಲೂ ಇದೆ. ಸಂಜೆ ಹೊತ್ತು ಮಧ್ಯೆ ಹಗ್ಗ ಇರುವುದು ಕಾಣದೆ ಬೈಕಿನವರು ನುಗ್ಗುತ್ತಾರೆ, ಅಲ್ವಾ? ಇಂಜಿನ್ ನಿಂತ ಗಾಡಿಯ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ ಎಂಬುದೂ ತುಂಬ ಜನರಿಗೆ ಗೊತ್ತಿಲ್ಲ. ಹಗ್ಗದ ಬದಲು ಕಬ್ಬಿಣದ ಸರಳು ಕಟ್ಟಿದರೆ ಹಿಂದಿನ ಗಾಡಿ ಮುಂದಿನದಕ್ಕೆ ಬಂದು ಗುದ್ದುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ 1033ಕ್ಕೆ ಫೋನ್ ಮಾಡಬಹುದು. ನನ್ನ ಗ್ಯಾರೇಜಿಗೆ ಬರುವ ಹತ್ತು ಡ್ರೈವರ್‌ಗಳನ್ನು ಕೇಳಿದೆ, ಇಬ್ಬರಿಗೆ ಮಾತ್ರ ಈ ನಂಬರ್ ಗೊತ್ತಿತ್ತು. ನಿಮ್ಮ ಪತ್ರಿಕೆಯ ಮೊದಲ ಪುಟದ ಮೂಲೆಯಲ್ಲಿ ದಿನಾ ಒಂದು ಇಂಚು ಜಾಗ ಕೊಟ್ಟು ಇದನ್ನು ಹಾಕಿದರೆ ಎಷ್ಟು ಉಪಕಾರ.

ನಮ್ಮ ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಓದುವ ಹುಡುಗರಿಗೂ ಕೊಂಡಿ, ಟ್ರೇಲರ್ ಬ್ರೇಕ್, ಭಾರ ಜೋಡಿಸುವ ಲೆಕ್ಕ ಕಲಿಸಬೇಕು. ಕಲಿಸಲು ಕರೆದರೆ ದುಡ್ಡು ತೆಗೆದುಕೊಳ್ಳದೆ ಬರುತ್ತೇನೆ. ಟರ್ಬೊ ಬೂಸ್ಟ್ ಏರಿಸಿಕೊಡುವ ಅಂಗಡಿಗಳವರಲ್ಲೂ ಒಂದು ಮಾತು. ಎಳೆತ ಏರಿಸುವಾಗ ಆ ಗಾಡಿಯ ಕ್ಲಚ್, ರೇಡಿಯೇಟರ್, ಬ್ರೇಕ್ ಮೊದಲಿನಷ್ಟೇ ಇರುತ್ತವೆ. ಅವುಗಳಿಗೆ ನೀವು ಏನು ಮಾಡಿಕೊಟ್ಟಿರಿ?

ಅಳಿಯ ಈಗ ಹುಷಾರಾಗಿದ್ದಾನೆ. ಪಿಕಪ್ಪನ್ನು ಕಂಪನಿ ಸೆಟ್ಟಿಂಗಿಗೇ ತಂದುಕೊಟ್ಟಿದ್ದೇನೆ. ಹುಕ್ಕು ಕತ್ತರಿಸಿ ಹಾಕಿದ್ದೇನೆ. ಮಿಷನ್ ಈಗ ಟ್ರ್ಯಾಕ್ಟರ್ ಹಿಂದೆ ನಿಧಾನವಾಗಿ ಹೋಗುತ್ತದೆ, ಪಿಕಪ್ ಚೀಲ ಹೊರುತ್ತದೆ. ಒಂದು ಊರು ಕಡಿಮೆ ಆಗಿದೆ, ಸಾಲದ ಕಂತು ಹೇಗೋ ಕಟ್ಟುತ್ತಿದ್ದಾನೆ.

ಆ ಸುಟ್ಟ ಟರ್ಬೊ, ಕಿತ್ತುಹೋದ ಹುಕ್ಕು, ಅಣ್ಣನ ಕಾಲಿಗೆ ಹೊಡೆದ ರೋಪಿನ ತುಂಡು ಮೂರೂ ನನ್ನ ಗ್ಯಾರೇಜಿನ ಗೂಡಿನಲ್ಲಿ ಇವೆ. ಆ ಬರಹ ಬರೆದವರನ್ನು ಒಂದು ದಿನ ಕ್ಯಾಮೆರಾ ಸಮೇತ ಕಳುಹಿಸಿ. ಭಾನುವಾರ ಬೆಳಗ್ಗೆಯಾದರೆ ಕೆಲಸ ಕಡಿಮೆ ಇರುತ್ತದೆ, ಒಂದೊಂದನ್ನೂ ಕೈಯಲ್ಲಿ ಹಿಡಿಸಿ ತೋರಿಸುತ್ತೇನೆ.

ಇಂತಿ,
ಒಬ್ಬ ಡೀಸೆಲ್ ಮೆಕ್ಯಾನಿಕ್, ಚಿತ್ರದುರ್ಗ