ಒಂದು ಹೆಸರು ಕಳಿಸೋಕೆ ಆಗಲಿಲ್ವಾ? ನೈಜೀರಿಯಾದ ಕ್ರೀಡಾ ಆಯೋಗದ ಅಧ್ಯಕ್ಷರಿಗೆ ಬಹಿರಂಗ ಪತ್ರ

ಮಾನ್ಯ ಶೆಹು ಡಿಕ್ಕೊ ಅವರೇ,

ನಮಸ್ಕಾರ. ನಾನು ಕರ್ನಾಟಕದವಳು. ನಿಮ್ಮ ದೇಶ ನೋಡಿದವಳಲ್ಲ, ಆದರೆ ಓಟ ಅಂದ್ರೆ ಪ್ರಾಣ. 2024ರ ಆಗಸ್ಟ್ 6ರಂದು ಪ್ಯಾರಿಸ್‌ನಲ್ಲಿ ಮಹಿಳೆಯರ 200 ಮೀಟರ್ ಫೈನಲ್ ನಡೆಯುವಾಗ ಇಲ್ಲಿ ರಾತ್ರಿ ಒಂದು ಗಂಟೆ ದಾಟಿತ್ತು. ಮನೆಯವರೆಲ್ಲ ಮಲಗಿದ್ದರು. ಟಿವಿ ಸೌಂಡ್ ಪೂರ್ತಿ ಇಳಿಸಿ ಕೂತು ನೋಡಿದ್ದು ನಿಮ್ಮ ಫೇವರ್ ಒಫಿಲಿಯ ಓಟವನ್ನು. ಆರನೇ ಸ್ಥಾನ ಬಂತು. 21 ವರ್ಷಕ್ಕೆ ಒಲಿಂಪಿಕ್ಸ್ ಫೈನಲ್ ಅಂದ್ರೆ ಸಣ್ಣ ಮಾತಲ್ಲ. ಆದರೂ ನನಗೆ ಖುಷಿಗಿಂತ ಸಂಕಟವೇ ಜಾಸ್ತಿ ಆಯ್ತು. ನಾಲ್ಕು ದಿನ ಹಿಂದೆ ಅದೇ ಟ್ರ್ಯಾಕ್‌ನಲ್ಲಿ 100 ಮೀಟರ್ ಹೀಟ್ಸ್ (ಮೊದಲ ಸುತ್ತಿನ ಓಟಗಳು) ನಡೆದಾಗ ಪಟ್ಟಿಯಲ್ಲಿ ಆಕೆಯ ಹೆಸರೇ ಇರಲಿಲ್ಲ.

ಅರ್ಹತೆ ಇತ್ತು. ಕಾಲಲ್ಲಿ ಬಲವೂ ಇತ್ತು. ಎಂಟ್ರಿ ಮಾತ್ರ ಹೋಗಿರಲಿಲ್ಲ. ನಾಲ್ಕು ವರ್ಷದ ಬೆವರು, ಕಳಿಸದೇ ಬಿಟ್ಟ ಒಂದು ಹೆಸರಿನಿಂದ ನೀರುಪಾಲಾಯಿತು.

ನಾನು ಹೈಸ್ಕೂಲಲ್ಲಿ ಇದ್ದಾಗ ಜಿಲ್ಲಾ ಮಟ್ಟದ ಓಟಕ್ಕೆ ಬಸ್ಸಲ್ಲಿ ಹೋಗಿದ್ದೆ. ಸ್ಪೈಕ್ ಶೂ ಪೇಪರಲ್ಲಿ ಸುತ್ತಿ ಮಡಿಲಲ್ಲಿ ಇಟ್ಕೊಂಡಿದ್ದೆ. ಮೇಜಿನ ಹಿಂದೆ ಕೂತವರು ಪಟ್ಟಿಯ ಮೇಲೆ ಬೆರಳಾಡಿಸಿ, ನಿನ್ನ ಹೆಸರು ಇಲ್ಲಮ್ಮ ಅಂದರು. ವಾಪಸ್ ಬರುವಾಗ ಆ ಪೊಟ್ಟಣ ಬಿಚ್ಚಲೇ ಇಲ್ಲ. ಒಲಿಂಪಿಕ್ಸ್‌ಗೆ ಹೋಲಿಸೋ ವಿಷಯ ಅಲ್ಲ ಅದು. ಆದರೆ ಆ ಸಂಕಟ ಎಂಥದ್ದು ಅಂತ ಗೊತ್ತು, ಅದಕ್ಕೇ ಬರೀತಿದ್ದೇನೆ.

ಇದು ಮೊದಲ ಸಲವಾದರೆ ಮರೆವು ಅನ್ನಬಹುದಿತ್ತು. 2021ರ ಟೋಕಿಯೋದಲ್ಲೂ ಒಫಿಲಿ ಓಡಲಿಲ್ಲ. ಆಗ ಆಕೆಗೆ 18. ಡೋಪಿಂಗ್ (ನಿಷೇಧಿತ ಮದ್ದು ಸೇವನೆ) ಅಪಾಯ ಹೆಚ್ಚಿರುವ ದೇಶಗಳ ಕ್ರೀಡಾಪಟುಗಳಿಗೆ ಕೂಟಕ್ಕೆ ಮುಂಚಿನ 10 ತಿಂಗಳಲ್ಲಿ, ಮುನ್ಸೂಚನೆ ಇಲ್ಲದೆ, ಸ್ಪರ್ಧೆಯ ಹೊರಗೆ 3 ಮದ್ದಿನ ಪರೀಕ್ಷೆ ಆಗಿರಬೇಕು ಅನ್ನೋ ನಿಯಮ ಇದೆ. ಅದು ಪೂರ್ತಿ ಆಗದೆ ಒಫಿಲಿ ಸೇರಿ ನಿಮ್ಮ ಹತ್ತು ಜನ ಹೊರಗುಳಿದರು. ಅವರು ಮದ್ದು ತಗೊಂಡು ಸಿಕ್ಕಿಬಿದ್ದದ್ದಲ್ಲ. ಅವರಲ್ಲಿ ಕೆಲವರು ಕೈಯಲ್ಲಿ ಬರೆದ ಫಲಕ ಹಿಡಿದು ಟೋಕಿಯೋದಲ್ಲೇ ಪ್ರತಿಭಟಿಸಿದ ಫೋಟೋ ನೀವೂ ನೋಡಿರ್ತೀರಿ. ಆ ಹತ್ತರಲ್ಲಿ ಒಬ್ಬರು ಹ್ಯಾಮರ್ ಎಸೆಯುವ ಅನೆಟ್ ಎಚಿಕುನ್ವೊಕೆ. ಆಮೇಲೆ ಅಮೆರಿಕದ ಪರ ನಿಂತು ಪ್ಯಾರಿಸ್‌ನಲ್ಲಿ ಬೆಳ್ಳಿ ಗೆದ್ದರು. ನೈಜೀರಿಯಾಕ್ಕೆ ಅಲ್ಲಿ ಒಂದು ಪದಕವೂ ಬರಲಿಲ್ಲ.

ನೈಜೀರಿಯಾದಲ್ಲೇ ಹುಟ್ಟಿದ ಓಟಗಾರ ಫ್ರಾನ್ಸಿಸ್ ಒಬಿಕ್ವೆಲು 2004ರ ಒಲಿಂಪಿಕ್ಸ್‌ನಲ್ಲಿ ಪೋರ್ಚುಗಲ್‌ಗೆ 100 ಮೀಟರ್ ಬೆಳ್ಳಿ ತಂದುಕೊಟ್ಟದ್ದು ನಿಮಗೆ ಹೊಸದಾಗಿ ಹೇಳಬೇಕಾ?

ಒಫಿಲಿ ಪೋರ್ಟ್ ಹಾರ್ಕೋರ್ಟ್‌ನ ಹುಡುಗಿ. 200 ಮೀಟರನ್ನು 22 ಸೆಕೆಂಡಿನೊಳಗೆ ಓಡಿದ ಮೊದಲ ನೈಜೀರಿಯನ್ ಮಹಿಳೆ. 2022ರ ಏಪ್ರಿಲ್‌ನಲ್ಲಿ, 21.96. 2025ರ ಮೇ ತಿಂಗಳಲ್ಲಿ ಅಟ್ಲಾಂಟಾದ ನೇರ ಟ್ರ್ಯಾಕ್‌ನಲ್ಲಿ 150 ಮೀಟರನ್ನು 15.85ಕ್ಕೆ ಓಡಿದರು. ಆ ದೂರವನ್ನು ಅಷ್ಟು ವೇಗವಾಗಿ ಅದುವರೆಗೆ ಜಗತ್ತಿನ ಯಾವ ಮಹಿಳೆಯೂ ಓಡಿರಲಿಲ್ಲ. ಇದಾಗಿ ಕೆಲವೇ ವಾರಕ್ಕೆ, ಟರ್ಕಿ ಪರ ಓಡಲು ಹೊರಟಿದ್ದಾರೆ ಅನ್ನೋ ಸುದ್ದಿ ಬಂತು. ದೇಶ ಬಿಟ್ಟಳು ಅಂತ ಆಕೆಯನ್ನು ಬೈಯುವವರ ಜೊತೆ ನಾನಿಲ್ಲ. ಕೈಗೆ ಬಂದ ತುತ್ತು ಎರಡು ಸಲ ಬಾಯಿಗೆ ಬರದೇ ಹೋದರೆ ಯಾರಾದರೂ ಬೇರೆ ಮನೆ ಬಾಗಿಲು ನೋಡ್ತಾರೆ, ಅಲ್ವಾ?

ಪ್ಯಾರಿಸ್ ನಡೆದಾಗ ನೀವು ಈ ಕುರ್ಚಿಯಲ್ಲಿ ಇರಲಿಲ್ಲ. ಎಂಟ್ರಿ ಕಳಿಸೋದು ಆಯೋಗದ ಕೆಲಸವೂ ಅಲ್ಲ, ಅಥ್ಲೆಟಿಕ್ಸ್ ಫೆಡರೇಷನ್ ಮತ್ತು ಒಲಿಂಪಿಕ್ ಸಮಿತಿಯದು. ಆದರೆ ಅವರನ್ನು ಕೂರಿಸಿ ಕೇಳುವ ಅಧಿಕಾರ ನಿಮಗಿದೆ. 2028ರ ಲಾಸ್ ಏಂಜಲೀಸ್‌ಗೆ ಎಂಟ್ರಿ ಕಳಿಸುವವರು ಯಾರು ಅಂತ ಈಗಲೇ ಒಬ್ಬರ ಹೆಸರು ಹೇಳಿ. ಕಳಿಸಿದ ಪಟ್ಟಿಯ ಪ್ರತಿ, ಗಡುವು ಮುಗಿಯೋ ಮೊದಲೇ, ಪ್ರತಿ ಓಟಗಾರ್ತಿಯ ಫೋನಿಗೆ ಬರಲಿ. ಯಾರ ಪರೀಕ್ಷೆ ಎಷ್ಟಾಯ್ತು ಅನ್ನೋದನ್ನೂ ತಿಂಗಳು ತಿಂಗಳು ಅವರಿಗೆ ತಿಳಿಸಿ.

ಮತ್ತೆ ಒಫಿಲಿಗೆ ಒಂದು ಫೋನ್ ಮಾಡಿ. ವಾಪಸ್ ಬಾ ಅಂತ ಕೇಳೋಕಲ್ಲ. ತಪ್ಪಾಯ್ತು ಅನ್ನೋಕೆ.

ಇಂತಿ,
ಕರ್ನಾಟಕದಿಂದ ಒಬ್ಬ ಹಳೆಯ ಓಟಗಾರ್ತಿ